ಹರಕೆ ಹುಂಜದ ಕಾಲು ಮತ್ತು ಹತ್ತು ಮಹಾನಗರಗಳು

ದೇವರು ಕೋಳಿಗೆ ಎರಡೇ ಕಾಲು ಕೊಟ್ಟದ್ದು ಯಾಕೆ ಎಂಬ ಪ್ರಶ್ನೆ ಜಗತ್ತಿನಲ್ಲಿ ಯಾರನ್ನೂ ಅಷ್ಟಾಗಿ ಕಾಡಿದ್ದಿಲ್ಲ. ಕೋಳಿಯನ್ನಂತೂ ಕಾಡಿಯೇ ಇಲ್ಲ. ಆದರೆ ತೀರ್ಥಹಳ್ಳಿ ಪೇಟೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿರುವ ಪೂರ್ಣೇಶನಿಗೆ ಮದುವೆಯಾದ ಲಾಗಾಯ್ತು ಇದೊಂದೇ ಪ್ರಶ್ನೆ. ನಾಲ್ಕು ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಕುರಿಗೆ ಕೊಟ್ಟಿಲ್ಲವೆ? ಹಲ್ಲಿಗೆ ಕೊಟ್ಟಿಲ್ಲವೆ? (ಹಲ್ಲಿಯ ಕಾಲನ್ನು ಯಾರು ತಿನ್ನುತ್ತಾರೆ ಎಂದು ಕೇಳಬೇಡಿ. ಹೊಟ್ಟೆಕಿಚ್ಚು ಹತ್ತಿದವನು ಉದಾಹರಣೆಗಳನ್ನು ಆರಿಸಿ ಕೊಡಲಾರ.)

ವಿಷಯ ಇಷ್ಟು. ಪೂರ್ಣೇಶನ ಮಾವ ಮುಕುಂದಯ್ಯನವರು ಹೊಸನಗರದವರು, ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯಲ್ಲಿ ಪ್ರತಿ ಬೇಸಿಗೆ ಚೌಡಿಗೆ ಹರಕೆಯ ಹುಂಜ ಒಪ್ಪಿಸುವ ಪದ್ಧತಿ. ಅವತ್ತು ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲಿದ್ದರೂ ಬರಬೇಕು, ಕೂತು ಕಡುಬು ಕೋಳಿಸಾರು ಉಣ್ಣಬೇಕು. ಹರಕೆಯ ಹುಂಜ ಒಂದೇ. (ಊಟಕ್ಕೆ ಸಾಲದೆಂದು ಬೇರೆ ಕೋಳಿಗಳೂ ಬೀಳುತ್ತವೆ, ಆದರೆ ಅವು ಲೆಕ್ಕಕ್ಕಿಲ್ಲ. ಅವು ಬರೀ ಸಾರು, ಇದು ಪ್ರಸಾದ.) ಆ ಹುಂಜದ ಒಂದು ಕಾಲು ಮನೆಯ ಯಜಮಾನನಿಗೆ, ಇನ್ನೊಂದು ಮನೆಯ ಅಳಿಯನಿಗೆ ಎಂಬುದು ಮುಕುಂದಯ್ಯನವರ ಅಜ್ಜನ ದಿನಗಳಿಂದ ನಡೆದುಬಂದ ಶಾಸನ.

ಮುಕುಂದಯ್ಯನವರಿಗೆ ಒಬ್ಬಳೇ ಮಗಳಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಬ್ಬರಾದರು. ದೊಡ್ಡವಳು ಧನ್ಯಶ್ರೀಯನ್ನು ಸಾಗರದ ರವೀಶನಿಗೂ ಚಿಕ್ಕವಳು ಭವ್ಯಾಳನ್ನು ನಮ್ಮ ಪೂರ್ಣೇಶನಿಗೂ ಕೊಟ್ಟರು. ಕೊಟ್ಟ ವರ್ಷವೇ ತಕರಾರು ಬಂತು. ಹಿರಿಯಳಿಯನಿಗೆ ಕಾಲು ಕೊಟ್ಟರೆ ಕಿರಿಯವನಿಗೆ ಮುನಿಸು, ಹೊಸ ಅಳಿಯನಿಗೆ ಕೊಟ್ಟರೆ ಹಳಬನಿಗೆ ಅವಮಾನ, ಕತ್ತರಿಸಿ ಅರ್ಧರ್ಧ ಮಾಡಿದರೆ ಚೌಡಿಗೆ ಸಿಟ್ಟು. ಮೇಷ್ಟ್ರು ಯೋಚನೆ ಮಾಡಿ ಮೇಷ್ಟ್ರಿಗೆ ತೋಚುವಂಥ ದಾರಿಯನ್ನೇ ಹುಡುಕಿದರು. ಎಲೆ ಹಾಕಿದ ಮೇಲೆ, ಬಡಿಸುವ ಮೊದಲು, ಒಂದು ಪ್ರಶ್ನೆ. ಸರಿಯುತ್ತರ ಹೇಳಿದವನಿಗೆ ಹುಂಜದ ಕಾಲು ಮತ್ತು ಮಾವನ ಬಲಮಗ್ಗುಲ ಮಣೆ. ತಪ್ಪಿದವನಿಗೆ ಕುತ್ತಿಗೆ.

ಅಂದಿನಿಂದ ಪೂರ್ಣೇಶ ಕುತ್ತಿಗೆ ತಿನ್ನುತ್ತಾ ಬಂದಿದ್ದಾನೆ. ಆಸ್ಟ್ರೇಲಿಯಾದ ರಾಜಧಾನಿ ಯಾವುದೆಂದು ಮಾವ ಕೇಳಿದ ವರ್ಷ ಎದೆ ತಟ್ಟಿ "ಸಿಡ್ನಿ" ಎಂದ. ಇಡೀ ತೀರ್ಥಹಳ್ಳಿ ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಸಿಡ್ನಿ ಎಂದೇ ಹೇಳುತ್ತಾರೆ. ರವೀಶ ಗಂಟಲು ಸರಿಮಾಡಿಕೊಂಡು, ಅದೇನೋ ತನ್ನದೇ ಸ್ವಂತ ಜಾಗ ಎಂಬಂತೆ ಮೆಲ್ಲಗೆ "ಕ್ಯಾನ್‌ಬೆರಾ" ಎಂದ. ಕಾಲು ಹೋಯಿತು. ಕಾಲು ಹೋದದ್ದಕ್ಕೆ ಪೂರ್ಣೇಶನ ಹೊಟ್ಟೆ ಉರಿಯಲಿಲ್ಲ, ಕೋಳಿ ತೀರ್ಥಹಳ್ಳಿಯಲ್ಲೂ ಸಿಗುತ್ತದೆ. ಉರಿದದ್ದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವನ ಸ್ವಂತ ಹೆಂಡತಿ ಭವ್ಯಾ, ಮದುವೆಯಲ್ಲಿ ಅವನಿಗೂ ಕೊಡದಿದ್ದ ಮೆಚ್ಚುಗೆಯ ನೋಟವೊಂದನ್ನು ಆ ರವೀಶನಿಗೆ ಕೊಟ್ಟಳಲ್ಲ, ಅದಕ್ಕೆ.

ಈ ರವೀಶನೋ, ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರು. ಐವತ್ತು ಹತ್ತಿರ ಬಂದರೂ ತಲೆತುಂಬ ಕಪ್ಪು ಕೂದಲು, ಬಣ್ಣವಲ್ಲ. (ಪೂರ್ಣೇಶ ಒಮ್ಮೆ ಅವನ ಬಚ್ಚಲುಮನೆಯ ಗೂಡುಗಳನ್ನೆಲ್ಲ ಶೋಧಿಸಿ ಖಚಿತಪಡಿಸಿಕೊಂಡಿದ್ದ.) ಹಾಡು ಬರುತ್ತದೆ. ಸಿಟ್ಟು ಬರುವುದಿಲ್ಲ. ಹೆಂಡತಿಗೆ ಬೀನ್ಸ್ ಹೆಚ್ಚಿಕೊಡುತ್ತಾನೆ. ಇಂಥ ಒಬ್ಬ ಷಡ್ಡಕ ಇರುವಾಗ ಮನುಷ್ಯ ನೆಮ್ಮದಿಯಿಂದ ಸಂಸಾರ ಮಾಡುವುದು ಹೇಗೆ, ನೀವೇ ಹೇಳಿ.

"ಭಾವ ಅಕ್ಕನ್ನ ಹೆಗ್ಗೋಡಿಗೆ ನಾಟಕಕ್ಕೆ ಕರ್ಕೊಂಡ್ ಹೋಗಿದ್ರಂತೆ" ಎನ್ನುತ್ತಾಳೆ ಭವ್ಯಾ, ತಿಂಡಿ ತಟ್ಟೆ ಇಡುತ್ತಾ.

"ನಮ್ಮನೇಲಿ ದಿನಾ ನಡೀತದಲ್ಲ, ಟಿಕೇಟ್ ಇಲ್ದೇ."

"ಹೊಳೆಬಾಗಿಲ ಸೇತುವೆ ಮೇಲೆ ಅಕ್ಕನ ಫೋಟೋ ನೋಡಿ ಎಷ್ಟ್ ಚಂದ ಬಂದಿದೆ. ಭಾವನೇ ತೆಗ್ದದ್ದಂತೆ."

"ಸೇತುವೆನೂ ಅವ್ನೇ ಕಟ್ಸಿದ್ದನಾ?"

"ನಿಮಗೆ ಹೊಟ್ಟೆಕಿಚ್ಚು."

"ನನಗಾ? ಎಂಥಕ್ಕೆ ಮಾರಾಯ್ತಿ?" ಎಂದು ಪೂರ್ಣೇಶ ನಕ್ಕುಬಿಡುತ್ತಾನೆ. ಹಾಗೆ ನಗುವಾಗ ದೋಸೆ ಗಂಟಲಿನಲ್ಲಿ ಅಡ್ಡ ನಿಲ್ಲುತ್ತದೆ.

ಹೊಗಳಿಸಿಕೊಳ್ಳಲು ಅಕ್ಕನ ಗಂಡ ಸಾಲದೆಂದು ಅಕ್ಕನ ಊರು ಬೇರೆ. ಧನ್ಯಶ್ರೀ ಫೋನು ಮಾಡಿದಾಗಲೆಲ್ಲ "ಅಯ್ಯೋ, ಅದು ನಿಮ್ಮಲ್ಲಿ ಸಿಗಲ್ವನೇ? ನಮ್ಮ ಸಾಗರದಲ್ಲಿ ನಾಕು ಅಂಗಡೀಲಿ ಇಟ್ಟಿದಾರೆ" ಎನ್ನುವಳು. ಅದು ಸೀರೆಯ ಫಾಲ್ಸೇ ಆಗಲಿ, ಮಿಕ್ಸಿಯ ವಾಷರೇ ಆಗಲಿ, ಸಾಗರದಲ್ಲಿ ಮಾತ್ರ ಸಿಗುವುದು. ಪೂರ್ಣೇಶ ಅಂಗಡಿಯಿಂದ ಬಂದೊಡನೆ ಭವ್ಯಾ ಆ ಮಾತನ್ನು ಅವನ ಮುಂದೆ ಇಡುವಳು, ತೀರ್ಥಹಳ್ಳಿಯನ್ನು ಸಣ್ಣದಾಗಿ ಕಟ್ಟಿಸಿದ್ದು ಅವನೇ ಎನ್ನುವಂತೆ.

ಹೀಗಿರಲಾಗಿ, ಈ ಬೇಸಿಗೆಯ ಮೊದಲಿಗೆ ಹೊಸನಗರದಿಂದ ಅತ್ತೆ ಮೂಕಮ್ಮನವರ ಫೋನು ಬಂತು. ಭವ್ಯಾ ಸ್ಪೀಕರ್ ಹಾಕಿ ಮಾತಾಡುತ್ತಾ ಬಟ್ಟೆ ಮಡಚುತ್ತಿದ್ದಳು.

"ನಿಮ್ಮಪ್ಪಂಗೆ ಈಗ ಒಂದೇ ಹುಚ್ಚು ಮಾರಾಯ್ತಿ. ಜನಗಣತಿ ಸುರುವಾಯ್ತಲ್ಲ, ಪೇಪರಲ್ಲಿ ಯಾವ ಊರಲ್ಲಿ ಎಷ್ಟು ಜನ ಅಂತ ಬಂದ್ರೆ ಸಾಕು, ಕತ್ತರಿ ತಗೊಂಡು ಕೂರ್ತಾರೆ. ದೇಶದಲ್ಲಿ ಯಾವ ಪಟ್ಣ ದೊಡ್ಡದು, ಅದ್ರ ಕೆಳಗೆ ಯಾವ್ದು, ಅದ್ರ ಕೆಳಗೆ ಯಾವ್ದು, ಬರೀ ಇದೇ. ನನಗೆ ನಿನ್ನೆ ಉಪ್ಪಿಟ್ಟು ತಿಂತಾ ಕೇಳ್ತಾರೆ, ಹತ್ತನೇದು ಯಾವ್ದೇ ಅಂತ. ಉಪ್ಪು ಸಾಕಾ ಹೇಳಿ ಮೊದ್ಲು ಅಂದೆ."

ಪತ್ರಿಕೆಯ ಹಿಂದೆ ಅಡಗಿದ್ದ ಪೂರ್ಣೇಶನ ಕಿವಿ ನೆಟ್ಟಗಾಯಿತು. ಈ ಸಲದ ಪ್ರಶ್ನೆ ಏನೆಂಬುದು ಅವನಿಗೆ ಹೊಳೆಯಿತು. ಪ್ರಶ್ನೆಪತ್ರಿಕೆ ಬಹಿರಂಗವಾಗಿತ್ತು, ಅದೂ ಸಾಕ್ಷಾತ್ ಪರೀಕ್ಷಕರ ಹೆಂಡತಿಯಿಂದ. ಇನ್ನು ರವೀಶನ ಸಾಮ್ರಾಜ್ಯ ಮುಗಿಯಿತು ಎಂದುಕೊಂಡ.

ಮೊಬೈಲಿನಲ್ಲಿ ಹುಡುಕಿದರೆ ಅಲ್ಲೊಂದು ಗೊಂದಲ. ಒಂದು ಪಟ್ಟಿಯಲ್ಲಿ ಮುಂಬೈ ಮೊದಲು, ಇನ್ನೊಂದರಲ್ಲಿ ದೆಹಲಿ ಮೊದಲು. ಕೋಲ್ಕತ್ತ ಒಂದರಲ್ಲಿ ಏಳನೆಯದಾದರೆ ಇನ್ನೊಂದರಲ್ಲಿ ಮೂರನೆಯದು. ನಗರದ ಗಡಿಯೊಳಗಿನ ಜನರನ್ನಷ್ಟೇ ಎಣಿಸಿದರೆ ಒಂದು ಲೆಕ್ಕ, ಅಂಟಿಕೊಂಡ ಸುತ್ತಲಿನ ಊರುಗಳನ್ನೂ ಸೇರಿಸಿದರೆ ಇನ್ನೊಂದು ಲೆಕ್ಕವಂತೆ. ಸುತ್ತಲಿನದು ಸೇರಿಸಿದ ಪಟ್ಟಿ ಬೆಂಗಳೂರನ್ನು ಐದನೆಯದಕ್ಕೆ ತಳ್ಳಿತ್ತು. ಕನ್ನಡ ನಾಡಿನಲ್ಲಿ ಹುಟ್ಟಿ ಅದನ್ನು ಒಪ್ಪುವುದುಂಟೆ? ಪೂರ್ಣೇಶ ಆ ಪಟ್ಟಿಯನ್ನು ತಿರಸ್ಕರಿಸಿ, ಬೆಂಗಳೂರು ಮೂರನೆಯದಾಗಿರುವ, ಹಿಂದಿನ ಜನಗಣತಿಯ ಪಟ್ಟಿಯನ್ನು ಹಿಡಿದುಕೊಂಡ.

ಹಿಡಿದದ್ದು ತಲೆಯಲ್ಲಿ ನಿಲ್ಲಬೇಕಲ್ಲ. ಎಸ್ಸೆಸ್ಸೆಲ್ಸಿಯನ್ನೇ ಎರಡು ಕಂತಿನಲ್ಲಿ ಮುಗಿಸಿದ ತಲೆ ಅದು. ಹೈದರಾಬಾದು ಅಹಮದಾಬಾದುಗಳು ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಕೊನೆಗೆ ಅವನ ಕಸುಬೇ ಅವನ ಕೈ ಹಿಡಿಯಿತು. ಅಂಗಡಿಯ ಗೋಡೆಗೆ ಪೈಪುಗಳನ್ನು ದಪ್ಪದಿಂದ ಸಣ್ಣಕ್ಕೆ ಸಾಲಾಗಿ ಒರಗಿಸಿಟ್ಟಿದ್ದನಲ್ಲ, ಅದನ್ನು ನೋಡುತ್ತಾ ಜ್ಞಾನೋದಯವಾಯಿತು. ಆರಿಂಚಿನ ಪೈಪು ಮುಂಬೈ. ಐದಿಂಚು ದೆಹಲಿ. ನಾಲ್ಕಿಂಚು ಬೆಂಗಳೂರು. ಮೂರಿಂಚು ಹೈದರಾಬಾದು. ಎರಡೂವರೆ ಅಹಮದಾಬಾದು, ಎರಡು ಚೆನ್ನೈ, ಒಂದೂವರೆ ಕೋಲ್ಕತ್ತ, ಒಂದೂಕಾಲು ಸೂರತ್, ಒಂದಿಂಚು ಪುಣೆ. ಮುಕ್ಕಾಲಿಂಚು ಜೈಪುರ. ಜನ ನೀರಿನ ಹಾಗೆ ಹರಿದು ಹೋಗಿ ತುಂಬುವುದೇ ನಗರವಾದರೆ, ಪೈಪಿಗಿಂತ ಸರಿಯಾದ ಅಳತೆ ಯಾವುದಿದೆ?

ಅಭ್ಯಾಸ ಘನವಾಗಿ ನಡೆಯಿತು. ಗಿರಾಕಿ ಬಂದು ಎರಡಿಂಚಿನ ಪೈಪು ತಿರುಗಿಸುವ ಬೆಂಡು ಕೇಳಿದರೆ ಪೂರ್ಣೇಶ ಒಳಗಿದ್ದ ಕೆಲಸದ ವಾಸಪ್ಪನಿಗೆ "ಏ ವಾಸಪ್ಪ, ಚೆನ್ನೈ ಬೆಂಡು ಎರಡು ತಗಂಬಾ" ಎಂದು ಕೂಗುವನು. ವಾಸಪ್ಪ ಹೊಸ ಕಂಪನಿಯ ಮಾಲು ಬಂದಿದೆಯೆಂದು ತಿಳಿದು ಗೋದಾಮನ್ನೆಲ್ಲ ಜಾಲಾಡಿದ. "ಚೆನ್ನೈದು ಖಾಲಿ ಅಣ್ಣ, ಶಿವಮೊಗ್ಗದ್ದು ಇದೆ, ಆಗ್ತದನಾ ಕೇಳಿ" ಎಂದ. ಗಿರಾಕಿ ಚೆನ್ನೈದೇ ಬೇಕೆಂದು ಹಠ ಹಿಡಿದು ಹಾಗೇ ಹೋದ.

ಮನೆಯಲ್ಲೂ ಬಾಯಿ ಸುಮ್ಮನಿರಲಿಲ್ಲ. ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವಾಗ ಒಂದು ಚೊಂಬಿಗೊಂದು ನಗರ. "ಸೂರತ್... ಪುಣೆ... ಜೈಪುರ..." ಭವ್ಯಾ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ಮೊದಲ ದಿನ ಅನುಮಾನಪಟ್ಟಳು, ಮರುದಿನ ಆಶ್ಚರ್ಯಪಟ್ಟಳು, ಆಮೇಲೆ ಅವಳ ಮುಖ ಅರಳಿತು. ಮದುವೆಯಾದಂದಿನಿಂದ ಅವಳು ಉತ್ತರದ ಕಡೆ ಒಂದು ಟೂರು ಎಂದು ಕೇಳುತ್ತಲೇ ಇದ್ದಳು, ಪೂರ್ಣೇಶ ಶಿರಸಿಯನ್ನು ತೋರಿಸಿ ಉತ್ತರ ಮುಗಿಯಿತು ಎಂದಿದ್ದ. ಈಗ ಗಂಡ ಗುಟ್ಟಾಗಿ ಮುಂಬೈ, ದೆಹಲಿ, ಜೈಪುರ ಎಂದು ದಾರಿ ಹಾಕುತ್ತಿದ್ದಾನೆ!

"ಜೈಪುರದಲ್ಲಿ ಈಗ ಸೆಕೆ ಇರ್ತದನ್ರೀ?" ಎಂದು ಕೇಳಿದಳು, ದೋಸೆಗೆ ಕೇಳದೆಯೇ ತುಪ್ಪ ಹಾಕುತ್ತಾ.

"ಇರ್ಬಹುದು" ಎಂದ ಪೂರ್ಣೇಶ, ಮುಕ್ಕಾಲಿಂಚಿನ ಧ್ಯಾನದಲ್ಲಿ.

ಎರಡನೇ ದೋಸೆಗೂ ತುಪ್ಪ ಬಿತ್ತು. ಯಾಕೆ ಎಂದು ಅವನು ಕೇಳಲಿಲ್ಲ. (ತುಪ್ಪ ಬೀಳುವಾಗ ಕಾರಣ ಕೇಳಿದ ಗಂಡ ಇನ್ನೂ ಹುಟ್ಟಬೇಕಷ್ಟೆ.) ಭವ್ಯಾ ಅವತ್ತೇ ಸಾಗರಕ್ಕೆ ಫೋನು ಮಾಡಿ, "ಯಾರಿಗೂ ಹೇಳ್ಬೇಡ ಅಕ್ಕ, ನಮ್ಮನೆಯವ್ರು ನನ್ನ ಜೈಪುರಕ್ಕೆ ಕರ್ಕೊಂಡ್ ಹೋಗ್ತಿದಾರೆ" ಎಂದು ಹೇಳಿ, ಅಕ್ಕ "ಜೈಪುರಕ್ಕಾ?" ಎಂದು ಎರಡೆರಡು ಸಲ ಕೇಳಿದ್ದನ್ನು ಮನಸಾರೆ ಅನುಭವಿಸಿದಳು.

ಹರಕೆಯ ದಿನ ಬಂತು. ಚೌಡಿಯ ಪೂಜೆ ಮುಗಿದು, ಹುಂಜ ಸಾರಾಗಿ, ಹೊಸನಗರದ ಮನೆಯ ನಡುಮನೆಯಲ್ಲಿ ಎಲೆ ಬಿದ್ದವು. ಮಧ್ಯದ ಮಣೆಯಲ್ಲಿ ಮುಕುಂದಯ್ಯನವರು. ಎಡಗಡೆ ಪೂರ್ಣೇಶ. ಬಲಗಡೆಯ ಮಣೆ ಖಾಲಿ ಇತ್ತಾದರೂ ರವೀಶ ಅದರ ಪಕ್ಕದಲ್ಲೇ ಕೂತಿದ್ದ, ಹೇಗಿದ್ದರೂ ತನ್ನದೇ ಎಂಬಂತೆ. ಅಕ್ಕತಂಗಿಯರು ಕಡುಬಿನ ಪಾತ್ರೆ ಹಿಡಿದು ನಿಂತರು. ಮೂಕಮ್ಮನವರು ಸೌಟು ಹಿಡಿದು ಕಾದರು.

"ಅಳಿಯಂದ್ರೇ, ಈ ವರ್ಷ ದೇಶದಲ್ಲೆಲ್ಲ ತಲೆ ಎಣಿಸ್ತಿದಾರೆ. ಹಂಗಾಗಿ ಪ್ರಶ್ನೆನೂ ಅದೇ" ಎಂದರು ಮುಕುಂದಯ್ಯನವರು. "ಭಾರತದ ಅತಿ ದೊಡ್ಡ ಹತ್ತು ನಗರ. ಜನಸಂಖ್ಯೆ ಪ್ರಕಾರ. ದೊಡ್ಡದ್ರಿಂದ ಚಿಕ್ಕದಕ್ಕೆ. ಯಾರು ಹೇಳ್ತೀರಿ?"

ರವೀಶ ಗಂಟಲು ಸರಿಮಾಡಿಕೊಂಡ. "ಮಾವ, ಇದ್ರಲ್ಲಿ ಒಂದು ಸೂಕ್ಷ್ಮ ಇದೆ. ನಗರ ಅಂದ್ರೆ ಯಾವ್ದು? ಗಡಿ ಒಳಗಿಂದಾ, ಸುತ್ತಲಿಂದೂ ಸೇರಿಸಿಯಾ..."

"ಮುಂಬೈ!" ಎಂದು ಕಿರುಚಿದ ಪೂರ್ಣೇಶ.

ಕಣ್ಣು ಮುಚ್ಚಿದ್ದ. ಎರಡೂ ಕೈಗಳಿಂದ ಅಲ್ಲಿಲ್ಲದ ಆರಿಂಚಿನ ಪೈಪನ್ನು ತಬ್ಬಿ ಹಿಡಿದಿದ್ದ. ದೆಹಲಿಗೆ ಕೈ ಸ್ವಲ್ಪ ಕಿರಿದಾಯಿತು, ಬೆಂಗಳೂರಿಗೆ ಇನ್ನಷ್ಟು. ಹೈದರಾಬಾದು ಬಂತು, ಅಹಮದಾಬಾದು ಬಂತು, ಚೆನ್ನೈಗೆ ಎರಡು ಕೈ ಹೆಚ್ಚಾಗಿ ಒಂದಾಯಿತು. ಕೋಲ್ಕತ್ತ, ಸೂರತ್, ಪುಣೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಇನ್ನು ಸಣ್ಣದೊಂದು ತೂತು ಮಾತ್ರ ಉಳಿದಿದ್ದಾಗ "ಜೈಪುರ!" ಎಂದು ಕಣ್ಣು ತೆರೆದು ಆ ತೂತಿನಿಂದ ಮಾವನನ್ನು ನೋಡಿದ.

ಮುಕುಂದಯ್ಯನವರು ತೊಡೆ ತಟ್ಟಿದರು. ಇಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಇದ್ದಕ್ಕಿದ್ದಂತೆ ಫಸ್ಟ್ ಕ್ಲಾಸು ಬಂದರೆ ಮೇಷ್ಟ್ರಿಗೆ ಆಗುವ ಸಂತೋಷ ಅದು.

"ಸುತ್ತಲಿಂದೂ ಸೇರ್ಸಿದ್ರೆ ಮಾವ, ಕೋಲ್ಕತ್ತ ಮೂರಕ್ಕೆ ಬರ್ತದೆ..." ಎಂದ ರವೀಶ.

"ನಾನು ಕೇಳಿದ್ದು ನಗರ, ಸುತ್ತಲಿಂದಲ್ಲ. ಪೂರ್ಣೇಶ, ಬಾರಪ್ಪ ಈ ಕಡೆ. ಏ ಇವ್ಳೇ, ಬಡ್ಸು ಅವ್ನಿಗೆ ಕಾಲು!"

ಪೂರ್ಣೇಶ ಎದ್ದು, ಪಂಚೆ ಸರಿಮಾಡಿಕೊಂಡು, ಬಲಗಡೆಯ ಮಣೆಯ ಮೇಲೆ ಪಟ್ಟಾಭಿಷಿಕ್ತನಾದ. ಸೌಟಿನಲ್ಲಿ ಹುಂಜದ ಕಾಲು ಮೇಲೆದ್ದು ಬಂತು, ಕಂದು ಬಣ್ಣದ್ದು, ತುದಿಯಲ್ಲಿ ಬಿಳಿ ಮೂಳೆ. ಇಲ್ಲಿಗೆ ಅವನು ಬಾಯಿ ಮುಚ್ಚಿಕೊಂಡಿದ್ದರೆ ಊರೆಲ್ಲ ಸುಖವಾಗಿರುತ್ತಿತ್ತು.

ಆದರೆ ರವೀಶ ನಕ್ಕುಬಿಟ್ಟ. ಸುಮ್ಮನೆ ಒಳ್ಳೆಯ ನಗು. "ಭೇಷ್ ಪೂರ್ಣೇಶ! ಖುಷಿ ಆಯ್ತು ಮಾರಾಯ. ಹೆಂಗೆ ನೆನಪಿಟ್ಕೊಂಡೆ?" ಎಂದ. ಅವನ ಮುಖದಲ್ಲಿ ಎಲ್ಲಿ ಹುಡುಕಿದರೂ ಹೊಟ್ಟೆಕಿಚ್ಚಿನ ಒಂದು ಕಿಡಿ ಇಲ್ಲ! ಇದನ್ನು ಹೇಗೆ ಸಹಿಸುವುದು? ತಾನು ಇಷ್ಟು ವರ್ಷ ಉರಿದ ಉರಿಯಲ್ಲಿ ಕಾಲುಭಾಗವಾದರೂ ಅವನು ಉರಿಯದಿದ್ದರೆ ಈ ಕಾಲು ತಿಂದು ಏನು ಪ್ರಯೋಜನ? ಪೂರ್ಣೇಶನಿಗೆ ಗೆದ್ದದ್ದೇ ಸಪ್ಪೆಯಾಗಿ ಹೋಯಿತು. ಕೆಣಕದೆ ಗತಿಯಿಲ್ಲ ಎನಿಸಿತು.

"ಅಲ್ಲ ರವೀಶಣ್ಣ, ಸಾಗರ ಸಾಗರ ಅಂತೀರಲ್ಲ, ಈ ಪಟ್ಟೀಲಿ ಎಷ್ಟನೇದು ನಿಮ್ಮ ಸಾಗರ?"

"ಸಾಗರ ಎಲ್ಲಿ ಬರ್ತದೆ ಮಾರಾಯ?" ಎಂದು ರವೀಶ ಇನ್ನೂ ನಕ್ಕ. ಅವನಿಗೆ ಬರದ ಸಿಟ್ಟು ಅವನ ಹೆಂಡತಿಗೆ ಬಂತು.

"ನಮ್ದು ನಗರಸಭೆ. ನಿಮ್ದಿನ್ನೂ ಪಟ್ಟಣ ಪಂಚಾಯ್ತಿ" ಎಂದಳು ಧನ್ಯಶ್ರೀ, ಕಡುಬನ್ನು ಪೂರ್ಣೇಶನ ಎಲೆಗೆ ಸ್ವಲ್ಪ ಎತ್ತರದಿಂದಲೇ ಬಿಡುತ್ತಾ. "ಅದಿರ್ಲಿ ಭವ್ಯಾ, ಜೈಪುರ ಟೂರು ಅಂದಿದ್ಯಲ್ಲೇ? ಇದೇನು ಕೋಳಿಕಾಲಿನ ತನಕ ಬಂದು ನಿಂತೋಯ್ತು?"

ಭವ್ಯಾಳ ಮುಖ ನೋಡಬೇಕಿತ್ತು. ಪೂರ್ಣೇಶ ನೋಡಲಿಲ್ಲ. ಪಟ್ಟಣ ಪಂಚಾಯಿತಿ ಎಂಬ ಮಾತು ಅವನ ನೆತ್ತಿಗೇರಿತ್ತು.

"ಆಗ್ಲಿ ಅತ್ತಿಗೆ, ನೀವು ದೊಡ್ಡವ್ರೇ. ಸಾಗರ ಆರಿಂಚು, ನಮ್ದು ಎರಡಿಂಚು, ಒಪ್ದೆ. ಕೊನೇವ್ರಂತೂ ನಾವಲ್ಲ! ಈ ಹೊಸನಗರ ನೋಡಿ. ಇದ್ಯಾವ ಅಳತೆಗೂ ಬರಲ್ಲ. ಗಿಡದ ಬುಡಕ್ಕೆ ಹನಿ ಬಿಡ್ತಾರಲ್ಲ ದಾರದಂಥ ಪೈಪು, ಅದು! ಬಸ್ಸಲ್ಲಿ ಊರು ಬಂತಾ ಅಂತ ಕೇಳಿದ್ರೆ ಕಂಡಕ್ಟರ್ ಹೋಯ್ತು ಅಂತಾನೆ!"

ತನ್ನ ಮಾತಿಗೆ ತಾನೇ ನಕ್ಕ. ನಕ್ಕು ಮುಗಿದ ಮೇಲೆ ಬೇರೆ ಯಾರೂ ನಗುತ್ತಿಲ್ಲವೆಂಬುದು ಗೊತ್ತಾಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಕೋಣೆಯಲ್ಲಿ ಅವನನ್ನೂ ರವೀಶನನ್ನೂ ಬಿಟ್ಟರೆ ಉಳಿದ ಪ್ರತಿಯೊಬ್ಬರೂ ಹೊಸನಗರದಲ್ಲಿ ಹುಟ್ಟಿದವರು, ಇಲ್ಲವೇ ಅಲ್ಲಿ ಬಾಳಿದವರು.

ಮುಕುಂದಯ್ಯನವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಈ ತಾಲ್ಲೂಕಿನ ಜನ ಎಲ್ಲಿ ಹೋದ್ರು ಗೊತ್ತನಾ?" ಎಂದರು ಸಣ್ಣ ದನಿಯಲ್ಲಿ. "ಡ್ಯಾಮಿನ ನೀರು ನಿಂತು ಊರೂರೇ ಮುಳುಗ್ತು. ನನ್ನ ಜೊತೆ ಸ್ಲೇಟು ಹಿಡ್ದವ್ರು ಗಂಟು ಕಟ್ಕೊಂಡು ಎಲ್ಲೆಲ್ಲಿಗೋ ಹೋದ್ರು. ನಿಮ್ಮ ಊರು ದೊಡ್ಡದಾಗಿದ್ದು ಹಂಗೆ. ಉಳಿದಿದ್ದು ನನ್ನ ಹತ್ರ ಎರಡು ಹೆಣ್ಣು. ಅವನ್ನೂ ನಿಮ್ಮ ಊರಿಗೇ ಕೊಟ್ಟೆ."

ಸೌಟು ಪೂರ್ಣೇಶನ ಎಲೆಯ ಮೇಲೆ ಒಂದು ಕ್ಷಣ ತೂಗಾಡಿತು. ಆಮೇಲೆ ಬಂದ ದಾರಿಯಲ್ಲೇ ಹಿಂದೆ ಹೋಗಿ ಪಾತ್ರೆಯೊಳಗೆ ಇಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಪೂರ್ಣೇಶ ಕೇಳಿದ್ದ, ಕಣ್ಣಾರೆ ಕಂಡದ್ದು ಇದೇ ಮೊದಲು.

"ಮಾವ" ಎಂದ ರವೀಶ, ಜೇನಿನಂಥ ದನಿಯಲ್ಲಿ, "ಎಣಿಸಿದ್ರೆ ಕಮ್ಮಿ ಇರ್ಬಹುದು. ಆದ್ರೆ ಸಾಗರದಲ್ಲಿ ನಮ್ಮನೆ ಅಂತ ಒಂದು ಮನೆ ಆಗಿದ್ದು ಈ ಊರಿನ ಹೆಣ್ಣು ಬಂದ ಮೇಲೇ ಅಲ್ವಾ?"

ಮೂಕಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೌಟು ಮತ್ತೆ ಮೇಲೆದ್ದಿತು, ಈ ಸಲ ತಡವರಿಸದೆ ರವೀಶನ ಎಲೆಗೆ ಹೋಯಿತು. ಪೂರ್ಣೇಶನ ಎಲೆಗೆ ಕುತ್ತಿಗೆ ಬಂತು. ಅದನ್ನೂ ಭವ್ಯಾಳೇ ಬಡಿಸಿದಳು, ಮುಖ ನೋಡದೆ.

ಸಂಜೆ ಹೊರಡುವ ಹೊತ್ತಿಗೆ ಪೂರ್ಣೇಶ ಕಾರಿನ ಬಾಗಿಲು ತೆಗೆದು ನಿಂತರೆ ಭವ್ಯಾ ಜಗಲಿಯಿಂದ ಇಳಿಯಲಿಲ್ಲ.

"ಬತ್ತಿಯನಾ ಇಲ್ವನಾ?" ಎಂದ.

"ಇಲ್ಲ. ನಮ್ಮೂರಲ್ಲಿ ಜನ ಕಮ್ಮಿ ಅಲ್ವಾ, ಜಾಸ್ತಿ ಮಾಡಕ್ಕೆ ಇಲ್ಲೇ ಇರ್ತೀನಿ."

"ಎಂಥ ಹುಚ್ಚು ಮಾರಾಯ್ತಿ..."

"ಹುಚ್ಚೇ. ಗಂಡ ಜೈಪುರಕ್ಕೆ ಕರ್ಕೊಂಡ್ ಹೋಗ್ತಾನೆ ಅಂತ ಬಚ್ಚಲ ಬಾಗಿಲಲ್ಲಿ ನಿಂತು ಖುಷಿಪಟ್ನಲ್ಲ, ಹುಚ್ಚಲ್ದೇ ಇನ್ನೇನು? ಕೋಳಿಕಾಲಿಗೆ ಹತ್ತು ಊರು ಬಾಯಿಪಾಠ ಮಾಡ್ತೀರಿ. ನನಗೆ ಒಂದೇ ಒಂದು ಊರು ತೋರ್ಸಿದೀರಾ?"

ಆಚೆ ಧನ್ಯಶ್ರೀ ಗಂಡನ ಕಾರಿನಲ್ಲಿ ಕೂತು ಸಾಗರಕ್ಕೆ ಹೋದಳು. ಈಚೆ ಪೂರ್ಣೇಶ ಒಬ್ಬನೇ ತೀರ್ಥಹಳ್ಳಿಗೆ ಹೊರಟ. ಸಾಗರಕ್ಕೂ ತೀರ್ಥಹಳ್ಳಿಗೂ ಮೊದಲೇ ಇದ್ದ ಜನಸಂಖ್ಯೆಯ ಅಂತರ ಅವತ್ತು ಇನ್ನೂ ಒಂದು ತಲೆಯಷ್ಟು ಹೆಚ್ಚಾಯಿತು.

ಮುಂದಿನ ದಿನಗಳನ್ನು ವರ್ಣಿಸುವುದು ಬೇಡ. ಮಗಳು ಹಾಸ್ಟೆಲಿನಲ್ಲಿ, ಮನೆಯಲ್ಲಿ ಇವನೊಬ್ಬನೇ. ಮೂರು ಹೊತ್ತೂ ಹೋಟೆಲು. ಪಕ್ಕದ ಮನೆಯ ಪುಷ್ಪಮ್ಮ ಬೇಲಿಯ ಮೇಲಿಂದ ಕತ್ತು ಚಾಚಿ "ಭವ್ಯಾ ಕಾಣ್ತಿಲ್ವಲ್ಲ?" ಎಂದು ದಿನಕ್ಕೊಮ್ಮೆ ಕೇಳುವರು. ಇದೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು, ಈ ಹೊತ್ತಿನಲ್ಲಿ ಸಾಗರದಲ್ಲಿ ರವೀಶ ಹೆಂಡತಿಯ ಪಕ್ಕ ಕೂತು ಬೀನ್ಸ್ ಹೆಚ್ಚುತ್ತಿರಬಹುದು ಎಂಬ ಯೋಚನೆ. ಆ ಬೀನ್ಸಿನ ಒಂದೊಂದು ತುಂಡೂ ಪೂರ್ಣೇಶನ ಕರುಳಿನಿಂದಲೇ ಹೆಚ್ಚಿದ್ದು.

ಕೊನೆಗೊಂದು ಬೆಳಿಗ್ಗೆ ಭವ್ಯಾಳೇ ಫೋನು ಮಾಡಿದಳು. ಹಲೋ ಇಲ್ಲ, ಏನಿಲ್ಲ. "ಗಣತಿ ಟೀಚರ್ ಇವತ್ತು ಇಲ್ಲಿಗೆ ಬರ್ತಾರಂತೆ. ಅಪ್ಪ ನನ್ನ ಹೆಸರೂ ಬರೆಸ್ತೀನಿ ಅಂತಿದಾರೆ. ನಾನೂ ಹೂಂ ಅಂದೆ. ಹೇಳ್ಬೇಕು ಅನ್ನಿಸ್ತು, ಹೇಳ್ದೆ."

ಪೂರ್ಣೇಶ ಕೂತಲ್ಲಿಂದ ಎದ್ದು ನಿಂತ. ತವರಿಗೆ ಹೋಗಿ ಕೂತ ಹೆಂಡತಿ ಇವತ್ತಲ್ಲ ನಾಳೆ ಬಂದಾಳು. ಸರ್ಕಾರ ಬರೆದುಕೊಂಡ ಹೆಂಡತಿ? ಕಳೆದ ಸಲ ಬರೆದುಕೊಂಡದ್ದನ್ನೇ ಇನ್ನೂ ಅಳಿಸಿಲ್ಲ, ಅದೇ ಲೆಕ್ಕವನ್ನು ದೇಶವೆಲ್ಲ ಬಾಯಿಪಾಠ ಮಾಡುತ್ತಿದೆ! ಅಂಗಡಿಯನ್ನು ವಾಸಪ್ಪನಿಗೆ ಒಪ್ಪಿಸಿ, ಷರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಕಾರು ಹತ್ತಿದ.

ಹೊಸನಗರದ ಜಗಲಿಯಲ್ಲಿ ಗಣತಿಯ ಸುಮನಾ ಟೀಚರ್ ಮೊಬೈಲು ಹಿಡಿದು ಕೂತಿದ್ದರು. ಮುಕುಂದಯ್ಯನವರ ಹಳೇ ಶಿಷ್ಯೆ. ಪಕ್ಕದಲ್ಲಿ ಕಾಫಿ, ಎದುರಿಗೆ ಮಾವ, ಅತ್ತೆ, ಬಾಗಿಲಿಗೊರಗಿ ಭವ್ಯಾ.

"ನೀವು ಇಲ್ಲೇ ಇರೋದಾ ಮೇಡಂ?" ಎಂದು ಸುಮನಾ ಕೇಳುತ್ತಿದ್ದರು. "ಎಷ್ಟು ದಿನ ಇರ್ತೀರಿ?"

ಭವ್ಯಾ ಅಂಗಳದಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. "ಅವ್ರನ್ನೇ ಕೇಳಿ."

ಪೂರ್ಣೇಶ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಅವಳು ಸ್ವಲ್ಪ ಸೊರಗಿದಂತೆ ಕಂಡಳು. ತಾನಿಲ್ಲದೆ ಸೊರಗಿದ್ದಾಳೆ ಎಂದು ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ತೀರ್ಥಹಳ್ಳಿ ದೊಡ್ಡದಿದ್ದು ಏನು ಸುಖ, ಆ ಊರಿನ ಅಷ್ಟೂ ಜನರಲ್ಲಿ ಇವಳೊಬ್ಬಳು ಇಲ್ಲದಿದ್ದ ಮೇಲೆ? ಈ ಮಾತನ್ನು ಹೀಗೇ ಹೇಳಿದ್ದರೆ ಎಷ್ಟು ಚಂದವಿತ್ತು! ಬಾಯಿಗೆ ಬಂದದ್ದು ಬೇರೆ.

"ಟೀಚರೇ, ನನ್ನ ಹೆಸ್ರೂ ಇಲ್ಲೇ ಬರ್ಕೊಳಿ. ಪೂರ್ಣೇಶ. ಊರು ಹೊಸನಗರ. ಅವಳೆಲ್ಲೋ ನಾನಲ್ಲಿ."

ಮುಕುಂದಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂಕಮ್ಮನವರು "ಕೂತ್ಕಳಿ ಅಳಿಯಂದ್ರೇ, ಕಾಫಿ ತರ್ತೀನಿ" ಎಂದು ಎದ್ದರು. ಭವ್ಯಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು, ಅವಳ ತುಟಿಯ ಕೊನೆಯಲ್ಲಿ ನಗು ಕಾಣಿಸಿತು. ಜೀವಮಾನದಲ್ಲಿ ಮೊದಲ ಸಲ ತಾನೇ ಮೊದಲನೆಯವನು ಎಂದು ಪೂರ್ಣೇಶನಿಗೆ ಅನಿಸಿತು. ರವೀಶನ ನೆನಪೇ ಬರಲಿಲ್ಲ.

ಸುಮನಾ ಟೀಚರ್ ಮಾತ್ರ ಜೋರಾಗಿ ನಕ್ಕುಬಿಟ್ಟರು.

"ಹಂಗೆಲ್ಲ ಬರ್ಕೊಳಕ್ಕೆ ಬರಲ್ಲ ಸರ್. ಎಲ್ಲಿ ವಾಸ ಇದೀರೋ ಅಲ್ಲೇ ಬರೆಸ್ಬೇಕು. ಅಲ್ಲ, ಈ ಮನೆ ಅಳಿಯಂದ್ರೆಲ್ಲ ಒಂದೇ ಥರನಾ? ನಿನ್ನೆ ಸಾಗರದವ್ರು ಯಾರದೋ ಹತ್ರ ನನ್ನ ನಂಬರ್ ಇಸ್ಕೊಂಡು ಫೋನ್ ಮಾಡಿದ್ರು. ಇದೇ ಮಾತು! ಮಾವಂಗೆ ಬೇಜಾರಾಗಿದೆ, ಅವ್ರ ಊರಲ್ಲಿ ಜನ ಕಮ್ಮಿ ಆಗ್ಬಾರ್ದು, ನನ್ನೂ ನನ್ನ ಹೆಂಡ್ತಿನೂ ಅಲ್ಲೇ ಸೇರಿಸ್ಕೊಳಿ ಅಂತ. ಅವ್ರಿಗೂ ಆಗಲ್ಲ ಅಂದೆ."

"ಭಾವ ನಿನ್ನೇನೇ ಹೇಳಿದ್ರಾ?" ಎಂದಳು ಭವ್ಯಾ. "ಅದೂ ಯಾರೂ ಹೇಳದೇನೇ?" ಗಂಡನ ಕಡೆ ತಿರುಗಿದಳು. "ನೋಡ್ರಿ. ಭಾವನ್ನ ನೋಡಿ ಕಲೀಬೇಕು."

ಅವಳು ಬ್ಯಾಗು ತರಲು ಒಳಗೆ ಹೋದಳು. ಸಿಟ್ಟು ಇಳಿದಿತ್ತು. ತೀರ್ಥಹಳ್ಳಿಗೆ ಹೋಗುವವರೆಗೂ, ದಾರಿಯ ಒಂದೊಂದು ತಿರುವಿನಲ್ಲೂ, ಭಾವ ಎಷ್ಟು ಒಳ್ಳೆಯವರು ಎಂಬುದನ್ನೇ ಹೇಳಿದಳು. ಪೂರ್ಣೇಶ ಸ್ಟಿಯರಿಂಗು ಹಿಡಿದುಕೊಂಡು ಹೂಂ ಹೂಂ ಎಂದ. ಆ ಸಂಜೆ ತೀರ್ಥಹಳ್ಳಿಯ ಜನಸಂಖ್ಯೆ ಮತ್ತೆ ಮೊದಲಿನಷ್ಟಾಯಿತು. ಇಬ್ಬರು ಅಳಿಯಂದಿರಲ್ಲಿ ಪೂರ್ಣೇಶನ ಸ್ಥಾನವೂ ಮೊದಲಿನಷ್ಟೇ, ಎರಡನೆಯದು.